ಎದುರುಮನೆಯ ಒಂಬತ್ತು ದಿನ

ಬೀಗದ ಕೈ ಕೊಟ್ಟು ಮುನಿರತ್ನಮ್ಮ ಹೇಳಿದ್ದು ಇಷ್ಟು:
ಹಾಲಿನ ಪ್ಯಾಕೆಟ್ಟು ಗೇಟಿನಲ್ಲಿ ನೇತಾಡಬಾರದು,
ಅಂಗಳದಲ್ಲಿ ಪೇಪರು ಎರಡಾಗಬಾರದು,
ಏಳಕ್ಕೆ ನಡುಮನೆ ಲೈಟು,
ಹತ್ತಕ್ಕೆ ಅದನ್ನಾರಿಸಿ ಬಚ್ಚಲಿನದು,
ನಮ್ಮೆಜಮಾನರ ಹಳೇ ಚಪ್ಪಲಿ ಬಾಗಿಲಲ್ಲೇ ಇರಲಿ,
ದಿನಾ ಒಂಚೂರು ಜರುಗಿಸಿ.
ಆಮೇಲೆ ತೆಂಗಿನ ಚಿಪ್ಪಿನ ತುಂಬ ರಂಗೋಲಿ ಪುಡಿ.
"ಇದೊಂದು ಮರೀಬೇಡಿ ಅಣ್ಣಾ,
ಕಳ್ಳ ಬೀಗ ನೋಡಲ್ಲ, ಹೊಸ್ತಿಲು ನೋಡ್ತಾನೆ."

ಕನ್ಯಾಕುಮಾರಿ ಬಸ್ಸು ಮನೆಮಂದಿಯನ್ನೆಲ್ಲ ತುಂಬಿಕೊಂಡು
ಶಿಡ್ಲಘಟ್ಟ ದಾಟಿತು.

ಗೂಡಿನ ಮಾರ್ಕೆಟ್ಟಿನಲ್ಲಿ ಮೂವತ್ತೊಂದು ವರ್ಷ
ತಕ್ಕಡಿ ಮುಂದೆ ನಿಂತವನು ನಾನು.
ಕಿವಿಯ ಹತ್ತಿರ ಒಂದು ಗೂಡು ಅಲ್ಲಾಡಿಸಿದರೆ ಸಾಕು,
ಒಳಗೆ ಹುಳು ಇದೆಯೋ ಇಲ್ಲವೋ ಹೇಳಬಲ್ಲೆ.
ಚುಕ್ಕಿ ಇಡುವುದು ಮಾತ್ರ ಗೊತ್ತಿಲ್ಲ.

ಮೊದಲ ದಿನ ನಾಲ್ಕೂವರೆಗೆ,
ಬೀದಿ ಏಳುವ ಮುಂಚೆ, ನೀರು ಚಿಮುಕಿಸಿ
ಕುಕ್ಕರುಗಾಲಲ್ಲಿ ಕೂತೆ.
ಬೆರಳ ಸಂದಿಯಿಂದ ಗೆರೆ ಇಳಿಯಲಿಲ್ಲ,
ಗುಪ್ಪೆ ಬಿತ್ತು. ಕೋಳಿ ಕೆದರಿದ ಹಾಗೆ.
ಅಳಿಸಿದೆ. ಮತ್ತೆ ಕೂತೆ. ಮಂಡಿ ಕಟಕ್ ಎಂದಿತು.
ಮೂಲೆಮನೆ ಶಾಮಲಮ್ಮನ ಹೊಸ್ತಿಲಿಗೆ ಹೋಗಿ
ಐದು ಚುಕ್ಕಿ ಮೂರು ಸಾಲು ಕದ್ದು ನೋಡಿಕೊಂಡು ಬಂದೆ,
ಅತ್ತಿತ್ತ ತಿರುಗಿ, ಉಸಿರು ಹಿಡಿದು,
ಥೇಟ್ ಕಳ್ಳನ ಹಾಗೆ.

ಹಾಲಿನ ಹುಡುಗ ಕೇಳಿದ, "ಅಮ್ಮ ಇಲ್ವಾ ತಾತಾ?"
"ಸ್ನಾನಕ್ಕೆ ಹೋಗಿದಾರೆ."
ಮಾರನೆಯ ದಿನವೂ ಕೇಳಿದ.
ಸ್ನಾನ.
ಸುಳ್ಳಿಗೆ ಎರಡನೆಯ ಮಾತು ನನಗೆ ಹೊಳೆಯದು.

ಐದನೆಯ ದಿನಕ್ಕೆ ಗೆರೆ ಮಾತು ಕೇಳತೊಡಗಿತು.
ನೂಲು ಬಿಚ್ಚಲು ಫಿಲೇಚರಿಗೆ ಹೋಗುವ ಹೆಂಗಸರು
ತುಳಿಯದೆ ಸುತ್ತಿ ಹೋದರು,
ಒಬ್ಬಳು ಬಗ್ಗಿ ನೋಡಿದಳು ಕೂಡ.
ನಾನೂ ಮೈಮರೆತೆ.
ವೆಂಕಟರವಣಪ್ಪನ ಟವೆಲು ನೆನೆಸಿ ತಂತಿಗೆ ಹರವಿದೆ,
ಅವನ ಹಾಗೆ ಎರಡು ಸಲ ಕೆಮ್ಮಿದೆ,
ಟೀವಿ ಹಾಕಿ, "ಸೌಂಡು ಕಮ್ಮಿ ಮಾಡ್ರೋ" ಎಂದು
ಯಾರೂ ಇಲ್ಲದ ಮಕ್ಕಳನ್ನು ಗದರಿದೆ.
ಏಳನೆಯ ರಾತ್ರಿ ಅವರ ಕುರ್ಚಿಯಲ್ಲೇ ಕಣ್ಣು ಹತ್ತಿತು.

ಬೆಳಿಗ್ಗೆ ನೋಡಿದರೆ
ರಸ್ತೆಯಾಚೆ ನನ್ನ ಮನೆ ಬಾಯಿ ತೆರೆದಿತ್ತು.
ಚಿಲಕ ಬಗ್ಗಿದೆ. ಗ್ಯಾಸಿನ ಸಿಲಿಂಡರು ಇಲ್ಲ,
ರಿಟೈರಾದಾಗ ಕೊಟ್ಟ ಗಡಿಯಾರ ಇಲ್ಲ,
ಸಕ್ಕರೆ ಡಬ್ಬಿಯ ಎಂಟುನೂರು ಇಲ್ಲ,
ಸಕ್ಕರೆ ಇದೆ.

ದಫೇದಾರರು ಬರೆದುಕೊಂಡರು:
"ಬೀಗ ಹಾಕಿ ಊರಿಗೆ ಹೋಗಿದ್ರಾ?"
ಇಲ್ಲ ಸಾರ್, ಎದುರುಮನೇಲಿದ್ದೆ.
"ಮತ್ತೆ ಇದಕ್ಕೇ ಯಾಕೆ ನುಗ್ದ?"
ಅವನ ತಪ್ಪೇನಿದೆ, ಓದಲು ಬಂದವನು ಓದಿದ್ದಾನೆ.
ಗಂಗರತ್ನ ಹೋದ ಮೇಲೆ ಆರು ವರ್ಷ
ಆ ಹೊಸ್ತಿಲಿಗೆ ಒಂದು ಚುಕ್ಕಿ ಬಿದ್ದಿಲ್ಲ,
ಹಾಲಿಲ್ಲ, ಪೇಪರಿಲ್ಲ, ಕೆಮ್ಮಿಲ್ಲ,
ಇರುವುದೊಂದೇ ಜೊತೆ ಚಪ್ಪಲಿ,
ಅದೂ ಅವತ್ತು ಎದುರುಮನೆ ಬಾಗಿಲಲ್ಲಿ.
ಇದನ್ನೆಲ್ಲ ಹೇಳಲಿಲ್ಲ. "ಗೊತ್ತಿಲ್ಲ ಸಾರ್" ಎಂದೆ.

ಅಟ್ಟ ತಡಕಿದವನ ಕೈಗೆ ಅವಳ ಬಣ್ಣದ ಡಬ್ಬಿ ಸಿಕ್ಕಿ
ಚಿನ್ನವಲ್ಲವೆಂದು ಕೆಳಗೆಸೆದಿದ್ದ.
ಹಸಿರು, ಕೆಂಪು, ಅರಿಶಿನ, ನಡುಮನೆ ತುಂಬ.
ಅದರ ಮೇಲೆ ಹೆಜ್ಜೆ, ಒಳಗಿನಿಂದ ಹೊರಕ್ಕೆ.
ಗೋಕುಲಾಷ್ಟಮಿಯ ಪುಟ್ಟ ಪಾದವಲ್ಲ,
ಎಂಟನೇ ನಂಬರಿನ ಹವಾಯಿ ಚಪ್ಪಲಿ.
ಫೋಟೋದವರು ಬರೋವರೆಗೂ ಗುಡಿಸಬೇಡಿ ಎಂದಿದ್ದಾರೆ.
ಬಂದಿಲ್ಲ. ನಾನೂ ಗುಡಿಸಿಲ್ಲ.
ರಾತ್ರಿ ಗೋಡೆಗೊತ್ತಿಕೊಂಡು ಮಲಗಿದೆ.

ಇವತ್ತು ಒಂಬತ್ತನೆಯ ದಿನ. ಅವರ ಬಸ್ಸು ಸಂಜೆಗೆ.
ಚಿಪ್ಪಿನಲ್ಲಿ ಉಳಿದಿರುವುದು ಒಂದೇ ಹಿಡಿ,
ಒಂದು ಬಾಗಿಲಿಗಾಗುವಷ್ಟು.
ಈಚೆಗೋ ಆಚೆಗೋ ಎಂದು ರಸ್ತೆ ನಡುವೆ ನಿಂತಿದ್ದೆ.
ಸೈಕಲ್ಲಿನ ಬೆಲ್ಲು ಹೊಡೆಯುತ್ತ ಬಂದ ಹಾಲಿನ ಹುಡುಗ
ಒಂದು ಕಾಲು ನೆಲಕ್ಕೂರಿ ಕೇಳಿದ:
"ತಾತಾ, ಅಮ್ಮಂದು ಸ್ನಾನ ಆಯ್ತಾ?"